ತೋರಿಸಿದ್ದು ಸಾಕು, ಇನ್ನು ಮಕ್ಕಳು ಬಳಸಲಿ

ಶಾಲೆಗಳ ಮುಖ್ಯ ಶಿಕ್ಷಕರಿಗೆ, ತರಗತಿ ಶಿಕ್ಷಕರಿಗೆ, ಗ್ರಂಥಾಲಯ, ಅಂಚೆ ಕಚೇರಿ, ಮ್ಯೂಸಿಯಂ, ಪಾರ್ಕುಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ ಮತ್ತು ಸ್ಥಳೀಯ ಆಡಳಿತದಲ್ಲಿ ಇರುವವರಿಗೆ,

ನಮಸ್ಕಾರ.

ಸಾರ್ವಜನಿಕ ಗ್ರಂಥಾಲಯವೊಂದರ ಮಕ್ಕಳ ವಿಭಾಗದಲ್ಲಿ ನಾನು ಬಹಳ ಕಾಲ ಕೆಲಸ ಮಾಡಿದ್ದೇನೆ. ಆ ಮೇಜಿನ ಹಿಂದೆ ಕೂತು ಕಂಡದ್ದನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ಪ್ರಾಥಮಿಕ ಶಾಲೆ ಮುಗಿಸುವಷ್ಟರಲ್ಲಿ ಪ್ರತಿ ಮಗುವೂ ತನ್ನ ಹತ್ತಿರದ ಸಾರ್ವಜನಿಕ ಜಾಗಗಳಿಗೆ ಹೋಗಿ, ತನ್ನದೇ ಆದ ಒಂದು ಕೆಲಸವನ್ನು ತಾನೇ ಮುಗಿಸಿಕೊಂಡು ಬಂದಿರಬೇಕು. ತನ್ನ ಹೆಸರಿನ ಕಾರ್ಡಿನಲ್ಲಿ ಪುಸ್ತಕ ತಂದಿರಬೇಕು. ತಾನು ಬರೆದ ಕಾಗದವನ್ನು ತಾನೇ ಅಂಚೆಗೆ ಹಾಕಿರಬೇಕು. ಕೌಂಟರಿನ ಆಚೆ ಕೂತ ದೊಡ್ಡವರನ್ನು ಒಂದು ಪ್ರಶ್ನೆ ಕೇಳಿ ಉತ್ತರ ಪಡೆದಿರಬೇಕು. ಪಾರ್ಕಿನಲ್ಲಿ ಏನಾದರೂ ಮುರಿದಿದ್ದರೆ ಯಾರಿಗೆ ಹೇಳಬೇಕು ಅನ್ನುವುದು ಗೊತ್ತಿರಬೇಕು. ಇದ್ಯಾವುದೂ ಇಲ್ಲದೆ ಎಷ್ಟೋ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ಆಮೇಲೆ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕಾದರೂ ಜೊತೆಗೆ ಯಾರಾದರೂ ಬೇಕು ಅನ್ನುತ್ತಾರೆ.

ಶಾಲೆಗಳು ಮಕ್ಕಳನ್ನು ಕರೆದುಕೊಂಡು ಬರುವುದೇ ಇಲ್ಲ ಅಂತ ದೂರುತ್ತಿಲ್ಲ. ಬರುತ್ತಾರೆ, ವರ್ಷಕ್ಕೊಮ್ಮೆ. ಮಕ್ಕಳು ಸಾಲಾಗಿ ಒಳಗೆ ಬರುತ್ತಾರೆ. ಏನನ್ನೂ ಮುಟ್ಟಬೇಡಿ, ಮಾತಾಡಬೇಡಿ ಅಂತ ಬಾಗಿಲಲ್ಲೇ ಹೇಳಿ ಆಗಿರುತ್ತದೆ. ಕಪಾಟುಗಳ ನಡುವೆ ಒಂದು ಸುತ್ತು ಹಾಕುತ್ತಾರೆ. ಒಂದಿಬ್ಬರು ನಿಂತು ಪುಸ್ತಕದ ಬೆನ್ನ ಮೇಲೆ ಬೆರಳಾಡಿಸಿದರೆ ಹಿಂದಿನಿಂದ 'ಮುಂದೆ ನಡಿ' ಅನ್ನುವ ದನಿ ಬರುತ್ತದೆ. ಒಂದು ಗುಂಪು ಫೋಟೋ ತೆಗೆಯುತ್ತಾರೆ, ಸಂದರ್ಶಕರ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾರೆ, ಹೊರಡುತ್ತಾರೆ. ಶಾಲೆಯ ವರದಿಯಲ್ಲಿ ಅದು 'ಗ್ರಂಥಾಲಯ ಭೇಟಿ'. ನಮ್ಮ ವರದಿಯಲ್ಲಿ ಅದು 'ಶಾಲಾ ಮಕ್ಕಳ ಭೇಟಿ'. ಎರಡೂ ಕಡೆ ಲೆಕ್ಕ ಸರಿಹೋಗುತ್ತದೆ. ಆ ಮಕ್ಕಳಲ್ಲಿ ಮರುವಾರ ತಾವಾಗಿ ಬಂದವರು ತೀರಾ ಕಡಿಮೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. 1978ರಲ್ಲಿ ಅಮೆರಿಕದ ಜಾನ್ ಫಾಕ್ ಮತ್ತು ಅವರ ಜೊತೆಗಾರರು ಶಾಲಾ ಭೇಟಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರಿಗೆ ಕಂಡದ್ದು ಇದು: ಜಾಗ ಪೂರ್ತಿ ಹೊಸದಾಗಿದ್ದರೆ ಮಕ್ಕಳ ಗಮನವೆಲ್ಲ ಆ ಜಾಗಕ್ಕೆ ಹೊಂದಿಕೊಳ್ಳುವುದರಲ್ಲೇ ಹೋಗುತ್ತದೆ. ಕಲಿಯಬೇಕು ಅಂತ ಕೊಟ್ಟ ಪಾಠ ಹಿಂದೆ ಬೀಳುತ್ತದೆ. ಅಂಥ ಜಾಗ ಮೊದಲೇ ಪರಿಚಯ ಇದ್ದ ಮಕ್ಕಳು ಪಾಠವನ್ನು ಹೆಚ್ಚು ಕಲಿತರು. ಶಿಕ್ಷಕರಿಗೆ ಇದು ಹೊಸ ವಿಷಯ ಅಲ್ಲ ಅಲ್ವಾ? ಹೊಸ ಕಟ್ಟಡದೊಳಗೆ ಬಂದ ಮಗು ಮೊದಲು ನೋಡುವುದು ಛಾವಣಿಯನ್ನು, ಮೆಟ್ಟಿಲನ್ನು, ಶೌಚಾಲಯ ಎಲ್ಲಿದೆ ಅನ್ನುವುದನ್ನು, ಗೆಳೆಯರು ಯಾರ ಪಕ್ಕ ನಿಂತರು ಅನ್ನುವುದನ್ನು. ಅದು ಸಹಜ. ಮೊದಲ ಭೇಟಿಯನ್ನು ಅದಕ್ಕೇ ಬಿಟ್ಟುಕೊಡಿ. ಅವತ್ತು ಸುಮ್ನೆ ಓಡಾಡಲಿ, ನೋಡಲಿ, ಕೇಳಲಿ. ಪಾಠ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ವರ್ಷದಲ್ಲಿ ನಾಲ್ಕು ಬೇರೆ ಬೇರೆ ಜಾಗಗಳನ್ನು ತೋರಿಸುವ ಬದಲು, ನಡೆದು ಹೋಗುವಷ್ಟು ಹತ್ತಿರದ ಒಂದೇ ಜಾಗಕ್ಕೆ ನಾಲ್ಕು ಸಲ ಹೋಗಿ. ಬಸ್ಸಿನ ಖರ್ಚೂ ಉಳಿಯುತ್ತದೆ.

ಎರಡನೇ ಸಲ ಹೋಗುವಾಗ ಪ್ರತಿ ಮಗುವಿನ ಕೈಯಲ್ಲೂ ಒಂದು ಕೆಲಸ ಇರಬೇಕು. ಈ ಪತ್ರದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೇ. ನಮ್ಮಲ್ಲಿಗೆ ಬರುತ್ತಿದ್ದ ಶಿಕ್ಷಕಿಯೊಬ್ಬರು ಇಡೀ ತರಗತಿಯನ್ನು ಒಟ್ಟಿಗೆ ಕರೆತರುತ್ತಿರಲಿಲ್ಲ. ನಾಲ್ಕೈದು ಮಕ್ಕಳ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪ್ರಶ್ನೆ ಕೊಟ್ಟು ಕಳಿಸುತ್ತಿದ್ದರು. ತಾವು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಿದ್ದರು. ಮಕ್ಕಳ ಪರವಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಜೇಡ ತನ್ನ ಬಲೆಗೆ ತಾನೇ ಯಾಕೆ ಅಂಟಿಕೊಳ್ಳಲ್ಲ? ಭೂಪಟದಲ್ಲಿ ಎತ್ತರದ ಜಾಗವನ್ನು ಹೇಗೆ ತೋರಿಸುತ್ತಾರೆ? ಇಂಥ ಪ್ರಶ್ನೆಗಳು. ಮಕ್ಕಳು ಮೇಜಿನ ಹತ್ತಿರ ಬಂದು, ಒಬ್ಬರನ್ನೊಬ್ಬರು ಮುಂದೆ ತಳ್ಳಿ, ಕೊನೆಗೆ ಒಬ್ಬರು ಬಾಯಿ ಬಿಡುತ್ತಿದ್ದರು. ನಾವು ಉತ್ತರ ಹೇಳುತ್ತಿರಲಿಲ್ಲ, ಯಾವ ಕಪಾಟಿನಲ್ಲಿ ಹುಡುಕಬೇಕು ಅಂತ ಹೇಳುತ್ತಿದ್ದೆವು. ಪರಿವಿಡಿ ಯಾವುದಕ್ಕೆ, ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಯಾವುದಕ್ಕೆ ಅನ್ನುವುದನ್ನು ಅವರು ಅಲ್ಲೇ ಕಲಿತರು. ಆ ತರಗತಿಯ ಮಕ್ಕಳು ಆಮೇಲೆ ತಾವಾಗಿಯೇ ಬರತೊಡಗಿದರು. ನಮ್ಮನ್ನು ಮಾತಾಡಿಸಲು ಅವರಿಗೆ ಹೆದರಿಕೆ ಹೋಗಿತ್ತು.

ಮಕ್ಕಳಿಗೆ ಗ್ರಂಥಾಲಯದ ಬಾಗಿಲು ತೆರೆದದ್ದೇ ತಡವಾಗಿ. 19ನೇ ಶತಮಾನದಲ್ಲಿ ಅಮೆರಿಕದ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ 12 ಅಥವಾ 14 ವರ್ಷದೊಳಗಿನವರಿಗೆ ಪ್ರವೇಶವೇ ಇರಲಿಲ್ಲ. ಆ ಶತಮಾನದ ಕೊನೆಯಲ್ಲಿ ಮಕ್ಕಳಿಗೇ ಬೇರೆ ಕೋಣೆಗಳು ಬಂದವು. ಬ್ರೂಕ್ಲಿನ್‌ನ ಪ್ರ್ಯಾಟ್ ಗ್ರಂಥಾಲಯದಲ್ಲಿ ಅಂಥ ಒಂದು ಕೋಣೆಯನ್ನು ನಡೆಸಿದವರು ಆ್ಯನ್ ಕ್ಯಾರೊಲ್ ಮೂರ್. 1906ರಲ್ಲಿ ಅವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗಗಳ ಹೊಣೆ ಹೊತ್ತರು. ಅಲ್ಲಿ ಒಂದು ದೊಡ್ಡ ಪುಸ್ತಕ ಇಟ್ಟಿದ್ದರು. ಪುಸ್ತಕಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಗ್ರಂಥಾಲಯದ ನಿಯಮ ಪಾಲಿಸುತ್ತೇನೆ ಅನ್ನುವ ಒಂದು ಮಾತನ್ನು ಓದಿ ಮಗು ಅದರಲ್ಲಿ ತನ್ನ ಹೆಸರು ಬರೆಯಬೇಕಿತ್ತು. ಹಾಗೆ ಹೆಸರು ಬರೆದ ಮಗು ಪುಸ್ತಕ ಮನೆಗೆ ಒಯ್ಯಬಹುದಿತ್ತು. ನನಗೆ ಈ ಪದ್ಧತಿ ಬಹಳ ಇಷ್ಟ. ಮಗುವಿನ ಮಾತನ್ನು ನಂಬಿ, ಅದರ ಕೈಯಿಂದಲೇ ಬರೆಸಿಕೊಂಡರಲ್ಲ, ಅದಕ್ಕೆ.

ಗ್ರಂಥಾಲಯದ ಅಧಿಕಾರಿಗಳೇ, ಈಗ ನಿಮ್ಮ ಸದಸ್ಯತ್ವದ ಅರ್ಜಿಯನ್ನು ಒಮ್ಮೆ ತೆಗೆದು ನೋಡಿ. ಹತ್ತು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆಯೇ? ಪೋಷಕರ ಸಹಿ, ವಿಳಾಸದ ದಾಖಲೆ, ಠೇವಣಿ, ಜಾಮೀನು, ಇಷ್ಟೆಲ್ಲ ಕೇಳಿದರೆ ಯಾವ ಮಗುವಿಗೆ ಕಾರ್ಡು ಸಿಗುತ್ತದೆ? ಮನೆಯಲ್ಲಿ ಓದು ಬಲ್ಲವರು ಇದ್ದು, ಬಿಡುವಿದ್ದು, ದಾಖಲೆಗಳೆಲ್ಲ ನೆಟ್ಟಗಿರುವ ಮಗುವಿಗೆ ಮಾತ್ರ. ಪುಸ್ತಕ ಹೆಚ್ಚು ಬೇಕಾದ ಮಗು ಹೊರಗೇ ಉಳಿಯುತ್ತದೆ. ಆಗಾಗ ಬಾಡಿಗೆ ಮನೆ ಬದಲಿಸುವವರ ಮಕ್ಕಳು, ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು, ಅಜ್ಜ ಅಜ್ಜಿಯ ಜೊತೆ ಬೆಳೆಯುತ್ತಿರುವ ಮಕ್ಕಳು ಹೀಗೆ ಹಿಂದಕ್ಕೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ಶಾಲೆಯ ಮುಖ್ಯಸ್ಥರು ಬರೆದುಕೊಟ್ಟ ಒಂದು ಪತ್ರವನ್ನೇ ಎಲ್ಲಾ ದಾಖಲೆಗಳ ಬದಲಿಗೆ ಒಪ್ಪಿಕೊಳ್ಳಿ. ಒಂದು ತರಗತಿಗೆ ಒಂದೇ ಸಲ ಕಾರ್ಡು ಮಾಡಿಕೊಡಿ. ಕಾರ್ಡಿನ ಮೇಲೆ ಮಗುವಿನ ಹೆಸರು ಇರಲಿ, ಶಾಲೆಯ ಹೆಸರು ಸಾಲದು.

ದಂಡದ ವಿಷಯ ಇನ್ನೊಂದು. ಪುಸ್ತಕ ತಡವಾಗಿ ತಂದ ಮಗು ದಂಡಕ್ಕೆ ಹೆದರಿ ಬರುವುದನ್ನೇ ನಿಲ್ಲಿಸುತ್ತದೆ. ಪುಸ್ತಕವೂ ವಾಪಸ್ ಬರಲ್ಲ, ಮಗುವೂ ಬರಲ್ಲ. 2019ರಲ್ಲಿ ಷಿಕಾಗೋ ನಗರದ ಗ್ರಂಥಾಲಯಗಳು ತಡದ ದಂಡವನ್ನು ಪೂರ್ತಿ ತೆಗೆದುಹಾಕಿದವು. 2021ರಲ್ಲಿ ನ್ಯೂಯಾರ್ಕ್ ನಗರದ ಗ್ರಂಥಾಲಯಗಳೂ ಅದನ್ನೇ ಮಾಡಿದವು. ದಂಡ ಹೋದ ಮೇಲೆ ಜನ ಹಳೆಯ ಪುಸ್ತಕಗಳನ್ನು ಹುಡುಕಿ ತಂದುಕೊಟ್ಟರು. ಎಲ್ಲರಿಗೂ ದಂಡ ಬಿಡಲು ಆಗದಿದ್ದರೆ ಮಕ್ಕಳಿಗಾದರೂ ಬಿಡಿ. ಪುಸ್ತಕ ಹರಿದು ತಂದ ಮಗುವನ್ನು ಬೈದು ಕಳಿಸುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು, ಹಾಳೆ ಅಂಟಿಸುವುದು ಹೇಗೆ ಅಂತ ತೋರಿಸಿ.

ಇನ್ನು ಸಮಯ. ಮಕ್ಕಳು ಶಾಲೆಯಲ್ಲಿ ಇರುವಷ್ಟು ಹೊತ್ತು ನಮ್ಮ ಬಾಗಿಲು ತೆರೆದಿರುತ್ತದೆ. ಶಾಲೆ ಬಿಟ್ಟು ಅವರು ಬರುವಷ್ಟರಲ್ಲಿ ನಾವು ಕಿಟಕಿ ಹಾಕುತ್ತಿರುತ್ತೇವೆ. ಅವರಿಗೆ ರಜೆ ಇದ್ದ ದಿನ ನಮಗೂ ರಜೆ. ಗ್ರಂಥಾಲಯ, ಮ್ಯೂಸಿಯಂ, ಅಂಚೆ ಕಚೇರಿ, ಎಷ್ಟೋ ಕಡೆ ಇದೇ ಪಾಡು. ಮಕ್ಕಳು ಬರುವುದಿಲ್ಲ ಅಂತ ಸಭೆಗಳಲ್ಲಿ ಬೇಸರ ಪಡುತ್ತೇವೆ. ಅವರು ಬರಬಹುದಾದ ಹೊತ್ತಿನಲ್ಲಿ ಬಾಗಿಲು ಹಾಕಿರುತ್ತೇವೆ. ಇದನ್ನು ಸರಿಪಡಿಸಲು ಹೊಸ ಕಟ್ಟಡ ಬೇಡ, ದೊಡ್ಡ ಯೋಜನೆ ಬೇಡ. ವಾರದಲ್ಲಿ ಎರಡು ದಿನ ಬೆಳಗ್ಗೆ ತಡವಾಗಿ ತೆರೆದು ಸಂಜೆ ತಡವಾಗಿ ಮುಚ್ಚಿ. ವಾರದ ರಜೆಯನ್ನು ಶಾಲೆ ನಡೆಯುವ ದಿನಕ್ಕೆ ಬದಲಿಸಿ. ಸಿಬ್ಬಂದಿಗೆ ತೊಂದರೆ ಆಗುತ್ತದೆ, ನಿಜ. ನಾನೂ ಸಿಬ್ಬಂದಿಯೇ ಆಗಿದ್ದವರಲ್ಲಿ ಒಬ್ಬ. ಪಾಳಿ ಹಂಚಿಕೊಂಡರೆ ಆಗದ ಕೆಲಸವಲ್ಲ.

ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಐದು ಸೂತ್ರಗಳು ಗ್ರಂಥಾಲಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಕಟ್ಟಿಡುತ್ತಿದ್ದರು. ಅವು ಕಳೆದುಹೋಗದಿರುವುದೇ ಆಗ ಮುಖ್ಯವಾಗಿತ್ತು. ಮಕ್ಕಳ ವಿಷಯದಲ್ಲಿ ನಾವು ಇನ್ನೂ ಆ ಕಾಲದಲ್ಲೇ ಇದ್ದೇವೆ. ಒಳ್ಳೆ ಚಿತ್ರಗಳಿರುವ ಪುಸ್ತಕವನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತೇವೆ. ಮಕ್ಕಳು ಕೈ ಹಾಕಿ ಹಾಕಿ ಸವೆದ ಪುಸ್ತಕವೇ ಗ್ರಂಥಾಲಯದ ಒಳ್ಳೆಯ ಪುಸ್ತಕ ಅನ್ನುವುದು ನನ್ನ ಅಭಿಪ್ರಾಯ. ಅಂಥದ್ದು ಹಾಳಾದರೆ ಇನ್ನೊಂದು ಪ್ರತಿ ತರಿಸಿ.

ಅಂಚೆ ಕಚೇರಿಯ ಬಗ್ಗೆ ಹೇಳುತ್ತೇನೆ. ಈಗಿನ ಮಕ್ಕಳಿಗೆ ಕಾಗದ ಬರೆಯುವುದು ಪರೀಕ್ಷೆಯ ಒಂದು ಪ್ರಶ್ನೆ ಮಾತ್ರ. 'ಗೆಳೆಯನಿಗೆ ಪತ್ರ ಬರೆಯಿರಿ' ಅಂದರೆ ಇಲ್ಲದ ಗೆಳೆಯನಿಗೆ, ಇಲ್ಲದ ವಿಳಾಸಕ್ಕೆ ಬರೆದು, ಅಂಕ ತೆಗೆದುಕೊಳ್ಳುತ್ತಾರೆ. ಆ ಕಾಗದ ನಿಜವಾಗಿಯೂ ಹೊರಡಲಿ. ಬೇರೆ ಶಾಲೆಯ ಒಂದು ತರಗತಿಯ ಜೊತೆ ಮಾತಾಡಿಕೊಳ್ಳಿ. ಇಲ್ಲಿನ ಮಗು ಅಲ್ಲಿನ ಮಗುವಿಗೆ ಬರೆಯಲಿ. ಅಂಚೆಚೀಟಿಯನ್ನು ಕೌಂಟರಿನಲ್ಲಿ ತಾನೇ ಕೇಳಿ ಕೊಳ್ಳಲಿ. ವಿಳಾಸವನ್ನು ಎಲ್ಲಿ ಬರೆಯಬೇಕು, ಅದರಲ್ಲಿ ಅಂಕಿಗಳು ಯಾಕೆ, ಡಬ್ಬಿಯಿಂದ ತೆಗೆದ ಕಾಗದ ಎಲ್ಲಿಗೆ ಹೋಗುತ್ತದೆ, ಯಾರು ವಿಂಗಡಿಸುತ್ತಾರೆ, ಇವೆಲ್ಲ ಆಗ ಕೇಳಬೇಕಾದ ಪ್ರಶ್ನೆಗಳಾಗುತ್ತವೆ. ಉತ್ತರ ಬರುವವರೆಗೆ ಕಾಯುವುದೂ ಒಂದು ಅನುಭವ. ಅಂಚೆಚೀಟಿ ಶುರುವಾದದ್ದು 1840ರಲ್ಲಿ, ಬ್ರಿಟನ್ನಿನಲ್ಲಿ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ದೇಶಗಳು ಸೇರಿ ಅಂಚೆಯ ಒಪ್ಪಂದ ಮಾಡಿಕೊಂಡವು. ಅದರಿಂದಾಗಿ ಒಂದು ದೇಶದ ಚೀಟಿ ಅಂಟಿಸಿದ ಕಾಗದವನ್ನು ಇನ್ನೊಂದು ದೇಶದ ಅಂಚೆಯವರು ಮನೆಗೆ ತಲುಪಿಸುತ್ತಾರೆ. ಆ ಒಪ್ಪಂದದಿಂದ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ 1971ರಿಂದ 9 ರಿಂದ 15 ವರ್ಷದ ಮಕ್ಕಳಿಗೆ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತಿದೆ. ಶಿಕ್ಷಕರೇ, ಕಾಗದ ಬರೆಸಲು ಇದೂ ಒಂದು ನೆಪ.

ಮ್ಯೂಸಿಯಂಗಳ ಬಗ್ಗೆ ನನಗೆ ತಿಳಿದ ಒಂದು ಒಳ್ಳೆಯ ಅಧ್ಯಯನ ಇದೆ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಅನ್ನುವ ಕಲಾ ಮ್ಯೂಸಿಯಂ ಶುರುವಾಯಿತು. ಭೇಟಿಗೆ ಅರ್ಜಿ ಹಾಕಿದ ಶಾಲೆಗಳು ಬಹಳ ಇದ್ದವು, ಜಾಗ ಕಡಿಮೆ ಇತ್ತು. ಹಾಗಾಗಿ ಯಾರು ಮೊದಲು ಬರಬೇಕು ಅನ್ನುವುದನ್ನು ಚೀಟಿ ಎತ್ತಿ ಗೊತ್ತು ಮಾಡಿದರು. ಇದರಿಂದ ಸಂಶೋಧಕರಿಗೆ ಹೋಗಿ ಬಂದ ಮಕ್ಕಳನ್ನೂ ಇನ್ನೂ ಹೋಗದ ಮಕ್ಕಳನ್ನೂ ಸರಿಯಾಗಿ ಹೋಲಿಸಿ ನೋಡಲು ಆಯಿತು. ಸುಮಾರು 11,000 ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಹೋಗಿ ಬಂದ ಮಕ್ಕಳು ಹೊಸ ಚಿತ್ರವೊಂದನ್ನು ನೋಡಿ ಬರೆದದ್ದರಲ್ಲಿ ಹೆಚ್ಚು ಗಮನ, ಹೆಚ್ಚು ಯೋಚನೆ ಕಂಡಿತು. ಮನೆಯವರ ಜೊತೆ ಮತ್ತೆ ಬನ್ನಿ ಅಂತ ಎಲ್ಲರಿಗೂ ಒಂದು ಕೂಪನ್ ಕೊಟ್ಟಿದ್ದರು. ಅದನ್ನು ಬಳಸಿ ಮತ್ತೆ ಬಂದವರಲ್ಲೂ ಹೋಗಿ ಬಂದ ಮಕ್ಕಳೇ ಜಾಸ್ತಿ. ಮುಖ್ಯವಾದ ವಿಷಯ ಇದು: ಈ ಲಾಭ ಹಳ್ಳಿಯ ಶಾಲೆಗಳ ಮತ್ತು ಬಡ ಮನೆಗಳ ಮಕ್ಕಳಲ್ಲಿ ಇನ್ನೂ ಹೆಚ್ಚಿತ್ತು. ಅನುಕೂಲ ಇರುವ ಮನೆಯವರು ಹೇಗೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಉಳಿದ ಮಕ್ಕಳಿಗೆ ಶಾಲೆ ಬಿಟ್ಟರೆ ಬೇರೆ ಯಾರೂ ಇಲ್ಲ. ಭೇಟಿಗೆ ಯಾವ ಶಾಲೆಯನ್ನು ಮೊದಲು ಕರೆಯಬೇಕು ಅಂತ ಯೋಚಿಸುವಾಗ ಮ್ಯೂಸಿಯಂನವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮಕ್ಕಳಿಗೆಂದೇ ಮಾಡಿದ ಮೊದಲ ಮ್ಯೂಸಿಯಂ 1899ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾಯಿತು. ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಬಹುದು ಅನ್ನುವ ಯೋಚನೆ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಎಲ್ಲಾ ಮ್ಯೂಸಿಯಂಗೂ ಇದು ಸಾಧ್ಯವಿಲ್ಲ, ಒಪ್ಪುತ್ತೇನೆ. ಒಂದು ಮೇಜಾದರೂ ಇಡಬಹುದು. ಮುಟ್ಟಬಹುದಾದ ಕಲ್ಲು, ಚಿಪ್ಪು, ಹಳೆಯ ಬೀಗ, ತಕ್ಕಡಿ, ಒಂದು ಭೂತಗನ್ನಡಿ. ಮತ್ತೆ ಶಿಕ್ಷಕರು ಮಕ್ಕಳಿಗೆ ಇಡೀ ಮ್ಯೂಸಿಯಂ ತೋರಿಸುವ ಆಸೆ ಬಿಡಬೇಕು. ಒಂದು ವಸ್ತು ಆರಿಸಿಕೊಂಡು, ಅದರ ಮುಂದೆ ನೆಲದಲ್ಲಿ ಕೂತು ಚಿತ್ರ ಬರೆಯಲಿ. ಹಿಡಿ ಯಾಕೆ ಹೀಗಿದೆ, ಇಲ್ಲಿ ಯಾಕೆ ಸವೆದಿದೆ ಅಂತ ಬರೆಯುವಾಗಲೇ ಕಾಣುತ್ತದೆ.

ಪಾರ್ಕು ಮತ್ತು ಆಟದ ಮೈದಾನ ಎಲ್ಲರಿಗೂ ತೆರೆದಿದೆ, ಅಲ್ಲಿ ಹೊಸದಾಗಿ ಮಾಡುವುದೇನು ಅಂತ ಅನ್ನಿಸಬಹುದು. ಸಂಜೆ ಹೋಗಿ ಒಮ್ಮೆ ನೋಡಿ, ಅಲ್ಲಿ ಯಾರಿದ್ದಾರೆ ಅಂತ. ಆಸ್ಟ್ರಿಯಾದ ವಿಯೆನ್ನಾ ನಗರದವರು 1990ರ ದಶಕದಲ್ಲಿ ಹೀಗೆ ನೋಡಿದರು. ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಪಾರ್ಕಿಗೆ ಬರುವುದು ತೀರಾ ಕಡಿಮೆಯಾಗುತ್ತಿತ್ತು. ಚೆಂಡಾಟದ ದೊಡ್ಡ ಜಾಗವನ್ನು ಹುಡುಗರು ಹಿಡಿದಿರುತ್ತಿದ್ದರು. ಜಾಗಕ್ಕಾಗಿ ಅವರ ಜೊತೆ ಜಗಳವಾಡುವ ಬದಲು ಹುಡುಗಿಯರು ಬರುವುದನ್ನೇ ಬಿಡುತ್ತಿದ್ದರು. 1999ರಲ್ಲಿ ಅಲ್ಲಿನ ಎರಡು ಪಾರ್ಕುಗಳನ್ನು ಬದಲಿಸಿದರು. ದೊಡ್ಡ ಬಯಲನ್ನು ಸಣ್ಣ ಭಾಗಗಳಾಗಿ ಮಾಡಿದರು, ಓಡಾಡುವ ದಾರಿ ಸರಿಮಾಡಿದರು, ಬೇರೆ ಬೇರೆ ಆಟಗಳಿಗೆ ಅನುಕೂಲ ಮಾಡಿದರು. ಹುಡುಗಿಯರು ಮತ್ತೆ ಬಂದರು. ಇದನ್ನು ಓದಿದಾಗ ನಮ್ಮ ಕಣ್ಣ ಮುಂದೆಯೇ ಇದ್ದದ್ದನ್ನು ಯಾರೋ ಎಣಿಸಿ ತೋರಿಸಿದ ಹಾಗೆ ಅನ್ನಿಸಿತು. 'ಎಲ್ಲರಿಗೂ ಪ್ರವೇಶ' ಅನ್ನುವ ಫಲಕ ಗೇಟಿನಲ್ಲಿ ಇದ್ದರೆ ಎಲ್ಲರೂ ಬರಲ್ಲ. ಶುಚಿಯಾದ ಶೌಚಾಲಯ ಬೇಕು. ಕತ್ತಲಾಗುವ ಮೊದಲೇ ಉರಿಯುವ ದೀಪ ಬೇಕು. ಗಾಲಿಕುರ್ಚಿಯ ಮಗು ಉಯ್ಯಾಲೆಯವರೆಗೆ ಹೋಗಲು ದಾರಿ ಬೇಕು. ಐದರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯ ಮುಂದೆ ಜಾಗ ಇಲ್ಲದ ಮಗು ಆ ಒಂದು ಗಂಟೆಯನ್ನು ಎಲ್ಲಿ ಕಳೆಯಬೇಕು?

ನೀರು ಶುದ್ಧೀಕರಣ ಘಟಕ, ಅಗ್ನಿಶಾಮಕ ಠಾಣೆ, ಕಸ ವಿಂಗಡಿಸುವ ಜಾಗ, ಇವು ಮಕ್ಕಳು ದಿನವೂ ಬಳಸುವ ಜಾಗಗಳಲ್ಲ. ಇಲ್ಲಿಗೆ ಒಮ್ಮೆ ಹೋದರೂ ಸಾಕು, ಆದರೆ ಹೋಗಲೇಬೇಕು. ಕೆಸರು ನೀರಿಗೆ ಪಟಿಕ ಹಾಕಿದಾಗ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ಆಮೇಲೆ ನೀರು ಮರಳಿನ ಪದರಗಳ ಮೂಲಕ ಸೋಸಿ ಬರುತ್ತದೆ. ಕೊನೆಗೆ ಕ್ಲೋರಿನ್ ಸೇರುತ್ತದೆ. ಇದನ್ನು ಕಣ್ಣಾರೆ ನೋಡಿದ ಮಗುವಿಗೆ ನಲ್ಲಿ ತಿರುಗಿಸಿದಾಗ ನೀರು ಬರುವುದರ ಹಿಂದೆ ಜನ ಇದ್ದಾರೆ ಅಂತ ಗೊತ್ತಾಗುತ್ತದೆ.

ಇನ್ನು ನಿಮ್ಮ ಆತಂಕಗಳು. ಶಿಕ್ಷಕರು ಎರಡು ಮಾತು ಹೇಳುತ್ತಾರೆ. ಪಾಠ ಮುಗಿಸಲು ಸಮಯವಿಲ್ಲ ಅನ್ನುವುದು ಒಂದು. ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ ಅನ್ನುವುದು ಇನ್ನೊಂದು. ಎರಡೂ ಸುಮ್ಮನೆ ಹೇಳುವ ನೆಪಗಳಲ್ಲ ಅಂತ ನನಗೆ ಗೊತ್ತು. ಸಮಯಕ್ಕೆ ನನ್ನ ಉತ್ತರ, ಇದನ್ನು ಪಾಠದ ಹೊರಗಿನ ಕೆಲಸ ಮಾಡಬೇಡಿ. ಪತ್ರ ಬರೆಯುವುದು ಭಾಷೆಯ ಪಾಠದಲ್ಲಿ ಹೇಗೂ ಇದೆ. ನೀರು ಸೋಸುವುದು ವಿಜ್ಞಾನದಲ್ಲಿ ಇದೆ. ನಕ್ಷೆ ಸಮಾಜ ವಿಜ್ಞಾನದಲ್ಲಿ ಇದೆ. ಅದೇ ಪಾಠವನ್ನು ಅದೇ ಅವಧಿಯಲ್ಲಿ ಹೊರಗೆ ಮಾಡಿ.

ಸುರಕ್ಷತೆಯ ಮಾತು ಇದಕ್ಕಿಂತ ಕಷ್ಟ. ಒಂದು ಮಗುವಿಗೆ ಗಾಯವಾದರೂ ಆ ಶಿಕ್ಷಕರ ನಿದ್ದೆ ಹೋಗುತ್ತದೆ. ಹಾಗಾಗಿ ಈ ಹೊರೆಯನ್ನು ಶಿಕ್ಷಕರೊಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಇಟಲಿಯ ಫಾನೊ ಪಟ್ಟಣದಲ್ಲಿ 1991ರಲ್ಲಿ ಶಿಕ್ಷಣ ಚಿಂತಕ ಫ್ರಾಂಚೆಸ್ಕೊ ತೊನುಚ್ಚಿ ಅವರ ಯೋಚನೆಯಂತೆ 'ಮಕ್ಕಳ ನಗರ' ಅನ್ನುವ ಕೆಲಸ ಶುರುವಾಯಿತು. ಮಕ್ಕಳು ತಮ್ಮಷ್ಟಕ್ಕೆ ತಾವೇ ಓಡಾಡುವಂತೆ ಊರನ್ನು ಬದಲಿಸಬೇಕು, ಮಕ್ಕಳನ್ನು ಒಳಗೆ ಕೂಡಿಹಾಕುವುದು ಪರಿಹಾರವಲ್ಲ ಅನ್ನುವುದು ಅವರ ಮಾತು. ಊರಿನ ಬಗ್ಗೆ ಮಾತಾಡಲು ಮಕ್ಕಳದೇ ಒಂದು ಮಂಡಳಿ ಮಾಡಿದರು. ಬೇರೆ ದೇಶಗಳ ಪಟ್ಟಣಗಳೂ ಆಮೇಲೆ ಇದನ್ನು ಅನುಸರಿಸಿದವು. ಸ್ಥಳೀಯ ಆಡಳಿತದವರಿಗೆ ನಾನು ಕೇಳುವುದು ಇದು. ಶಾಲೆಯಿಂದ ಗ್ರಂಥಾಲಯಕ್ಕೆ, ಶಾಲೆಯಿಂದ ಪಾರ್ಕಿಗೆ ಇರುವ ದಾರಿಯನ್ನು ಒಮ್ಮೆ ಮಕ್ಕಳ ಜೊತೆ ನಡೆದು ನೋಡಿ. ರಸ್ತೆ ದಾಟುವುದು ಎಲ್ಲಿ? ಕಾಲುದಾರಿಯ ಮೇಲೆ ಗಾಡಿ ನಿಂತಿದೆಯಾ? ಚರಂಡಿಯ ಕಲ್ಲು ಗಟ್ಟಿಯಾಗಿದೆಯಾ? ಒಂಟಿಯಾಗಿ ಹೋಗಲು ಮಗು ಎಲ್ಲಿ ಹೆದರುತ್ತದೆ? ಆ ದಾರಿ ಸರಿಹೋದರೆ ಮಕ್ಕಳನ್ನು ಹೊರಗೆ ಕಳಿಸಲು ಅರ್ಧ ಧೈರ್ಯ ತಾನಾಗಿ ಬರುತ್ತದೆ. ಮೊದಲು ದೊಡ್ಡವರ ಜೊತೆ, ಆಮೇಲೆ ಗುಂಪಿನಲ್ಲಿ, ಆಮೇಲೆ ಇಬ್ಬರಾಗಿ, ಹೀಗೆ ಬಿಡುತ್ತಾ ಹೋಗಿ.

ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಈಗ ಬರುತ್ತೇನೆ. ಬಳಸುವವರಿಗೆ ದೂರು ಹೇಳುವ ಹಕ್ಕೂ ಇರುತ್ತದೆ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿರಾಮ, ಆಟ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಮಕ್ಕಳಿಗೆ ಕೊಡುತ್ತದೆ. ಅದಕ್ಕೂ ಮೊದಲಿನ 12ನೇ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಅದರ ಅಭಿಪ್ರಾಯ ಕೇಳಬೇಕು, ಅದಕ್ಕೆ ತಕ್ಕ ಬೆಲೆ ಕೊಡಬೇಕು ಅನ್ನುತ್ತದೆ. ಎರಡನ್ನೂ ಜೊತೆಗೆ ಓದಬೇಕು. ಆಟದ ಮೈದಾನದ ಉಯ್ಯಾಲೆಯ ಸರಪಳಿ ಕಡಿದಿದ್ದರೆ ಅದು ಮೊದಲು ಗೊತ್ತಾಗುವುದು ಮಕ್ಕಳಿಗೆ. ಅವರು ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಹೇಳಬಹುದು ಅನ್ನುವುದೇ ಅವರಿಗೆ ತಿಳಿದಿಲ್ಲ. ಬೇರೆ ಕಡೆ ಆಡಲು ಹೋಗುತ್ತಾರೆ, ಅಷ್ಟೇ.

ಇದನ್ನು ತರಗತಿಯಲ್ಲೇ ಕಲಿಸಬಹುದು. ಮಕ್ಕಳು ಮೈದಾನಕ್ಕೆ ಹೋಗಿ ಏನೇನು ಸರಿಯಿಲ್ಲ ಅಂತ ನೋಡಲಿ. ಎಲ್ಲಿ, ಏನು, ಯಾವಾಗಿನಿಂದ, ಇಷ್ಟನ್ನು ಬರೆಯಲಿ. ಅದನ್ನು ನೋಡಿಕೊಳ್ಳುವ ಕಚೇರಿ ಯಾವುದು ಅಂತ ಹುಡುಕಲಿ. ಹುಡುಕುವುದೇ ದೊಡ್ಡ ಪಾಠ, ಯಾಕೆಂದರೆ ಪಾರ್ಕಿನ ದೀಪ ಒಬ್ಬರದ್ದು, ನೀರು ಇನ್ನೊಬ್ಬರದ್ದು, ಕಸ ಮತ್ತೊಬ್ಬರದ್ದು ಆಗಿರಬಹುದು. ಆಮೇಲೆ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಲಿ. ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಲಿ. ಒಂದು ಕಚೇರಿಗೆ ಹೀಗೆ ಮಕ್ಕಳು ಅರ್ಜಿ ಒಯ್ದಾಗ, ಅಲ್ಲಿದ್ದವರು 'ನಿಮ್ಮ ಮೇಷ್ಟ್ರನ್ನು ಕಳಿಸಿ' ಅಂತ ವಾಪಸ್ ಅಟ್ಟಿದ್ದು ನನಗೆ ಗೊತ್ತು. ಆ ಮಕ್ಕಳು ಅವತ್ತು ಕಲಿತದ್ದು ಏನು ಅಂತ ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ. ಅಧಿಕಾರಿಗಳೇ, ದಯವಿಟ್ಟು ಹಾಗೆ ಮಾಡಬೇಡಿ. ಅರ್ಜಿ ತೆಗೆದುಕೊಳ್ಳಿ, ಸಂಖ್ಯೆ ಹಾಕಿ, ಉತ್ತರ ಬರೆಯಿರಿ. ದುರಸ್ತಿಗೆ ಈ ವರ್ಷ ಹಣ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ, ಯಾವಾಗ ಬರಬಹುದು ಅಂತ ತಿಳಿಸಿ. ಮಕ್ಕಳು ನಿಜವಾದ ಉತ್ತರವನ್ನು ಅರ್ಥ ಮಾಡಿಕೊಳ್ಳುತ್ತಾರೆ.

ತಂದೆತಾಯಂದಿರಿಗೂ ಒಂದು ಮಾತು. ಕೌಂಟರಿನ ಮುಂದೆ ಮಗು ತಡವರಿಸುವಾಗ ನೀವು ಮಧ್ಯೆ ಬಾಯಿ ಹಾಕುತ್ತೀರಿ. ಪ್ರೀತಿಯಿಂದಲೇ ಹಾಕುತ್ತೀರಿ. ಸ್ವಲ್ಪ ತಡೆದುಕೊಳ್ಳಿ. ಹಿಂದೆ ಕಾಯುತ್ತಿರುವವರೂ ದಯವಿಟ್ಟು ತಡೆದುಕೊಳ್ಳಿ. ಮಗು ಹೇಳಿಕೊಳ್ಳುತ್ತದೆ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಲು ಆಗುವುದಿಲ್ಲ. ಹಾಗಾಗಿ ಮುಖ್ಯ ಶಿಕ್ಷಕರು ಈ ವಾರ ಮಾಡಬಹುದಾದ ಒಂದು ಕೆಲಸ ಕೇಳುತ್ತೇನೆ. ಶಾಲೆಗೆ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಫೋನ್ ಮಾಡಿ, ನಿಮ್ಮ ಒಂದು ತರಗತಿಯ ಎಲ್ಲಾ ಮಕ್ಕಳಿಗೂ ಅವರವರ ಹೆಸರಿನ ಕಾರ್ಡು ಬೇಕು, ಏನು ಮಾಡಬೇಕು ಅಂತ ಕೇಳಿ. ಕೊಡುತ್ತೇವೆ ಅಂದರೆ ದಿನ ಗೊತ್ತು ಮಾಡಿಕೊಳ್ಳಿ, ಅರ್ಜಿಗಳನ್ನು ಮಕ್ಕಳ ಕೈಯಿಂದಲೇ ತುಂಬಿಸಿ. ಮಕ್ಕಳಿಗೆ ಕಾರ್ಡು ಕೊಡುವುದಿಲ್ಲ ಅಂದರೆ ಯಾವ ನಿಯಮದ ಪ್ರಕಾರ ಅಂತ ಕೇಳಿ, ಆ ನಿಯಮದ ಪ್ರತಿ ಪಡೆದುಕೊಳ್ಳಿ. ತರಗತಿಯಲ್ಲಿ ಮಕ್ಕಳ ಜೊತೆ ಕೂತು ಅದನ್ನು ಓದಿ. ಅದನ್ನು ಬದಲಿಸಲು ಯಾರಿಗೆ ಬರೆಯಬೇಕು ಅಂತ ಅವರ ಜೊತೆಯೇ ಹುಡುಕಿ.

ಇಂತಿ,
ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡಿದ ಒಬ್ಬ